ಹನ್ನೆರಡು ನಿಮಿಷದ ಜರ್ಮನ್ ಕೇಕ್

ನನ್ನ ಗಂಡ ದಿವಾಕರ ಧಾರವಾಡದವರು. ಅವರಿಗೆ ಗೊತ್ತಿರುವ ಅಳತೆಗಳು ಮೂರೇ: ಚೂರು, ಒಂದೀಟು, ಸಾಕು. ನಾನು ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಿದವಳು, ಉಪ್ಪಿಟ್ಟಿನ ರವೆಯನ್ನೂ ಗ್ರಾಮಿನ ಲೆಕ್ಕದಲ್ಲಿ ತೂಗುತ್ತೇನೆ. ನಮ್ಮ ದಾಂಪತ್ಯದ ಬಗ್ಗೆ ಇದಕ್ಕಿಂತ ಹೆಚ್ಚಿನ ವಿವರ ಬೇಕಾಗಿಲ್ಲ.

ಅಮೆರಿಕದ ಎಡಿಸನ್ನಿನಲ್ಲಿ ನಮ್ಮ ಪಕ್ಕದ ಮನೆಯ ಮಿಸ್ ಲೊರೆಟಾ ಆ ಭಾನುವಾರ ಮನೆ ಖಾಲಿ ಮಾಡಿ ಜಾರ್ಜಿಯಾದಲ್ಲಿರುವ ಮಗಳ ಹತ್ತಿರ ಹೋಗುವವರಿದ್ದರು. ಎಂಬತ್ತೊಂದು ವರ್ಷ. ನಾವು ಬಂದ ಮೊದಲ ಚಳಿಗಾಲದಲ್ಲಿ ಹಿಮ ಎತ್ತುವ ಸಲಿಕೆಯನ್ನು ಸೊಂಟ ಉಳುಕದಂತೆ ಹಿಡಿಯಲು ಕಲಿಸಿದವರು ಅವರೇ. ಅವರಮ್ಮ ಪ್ರತಿ ಹುಟ್ಟುಹಬ್ಬಕ್ಕೆ ಮಾಡುತ್ತಿದ್ದ ಜರ್ಮನ್ ಚಾಕಲೇಟ್ ಕೇಕಿನ ಮಾತನ್ನು ಹದಿನಾಲ್ಕು ವರ್ಷ ಕೇಳಿದ್ದೆ. ಹೊರಡುವ ಮುಂಚೆ ಅದನ್ನೊಮ್ಮೆ ತಿನ್ನಿಸಲೇಬೇಕೆಂದು ಶನಿವಾರ ಮಧ್ಯಾಹ್ನ ಮೂರಕ್ಕೆ ಕಾಫಿಗೆ ಕರೆದೆ. ಕೆಟ್ಟರೆ ಇನ್ನೊಮ್ಮೆ ಮಾಡುವ ಅವಕಾಶವಿರಲಿಲ್ಲ.

“ಅಲ್ಲ, ಜರ್ಮನ್ ಕೇಕ್ ಅಂದ್ರ ಜರ್ಮನ್ ಡಬರ್ಯಾಗ ಮಾಡೂದೇನು?” ಎಂದರು ದಿವಾಕರ. (ಇವರ ಮನೆಯಲ್ಲಿ ಅಲ್ಯೂಮಿನಿಯಂ ಪಾತ್ರೆಗೆ ಆ ಹೆಸರು.)

“ಆ ಚಾಕಲೇಟ್ ಮಾಡಿದವನ ಹೆಸರು ಜರ್ಮನ್ ಅಂತ, ರೀ. ಕೇಕು ಅಪ್ಪಟ ಅಮೆರಿಕದ್ದು.”

“ಹಂಗಾರ ನಿನ್ನಂಗ ಆತು. ಹೆಸರಿಗಷ್ಟ ಮೈಸೂರು, ಒಳಗ ಮಿಲಿಟರಿ.”

ನಾನು ಮೂರು ಪುಟದ ಕಾರ್ಯವಿಧಾನವನ್ನು ಫ್ರಿಜ್ಜಿಗೆ ಅಂಟಿಸಿ ಕೆಲಸ ಶುರುಮಾಡಿದೆ. ಕೇಕಿನ ಮೂರು ಪದರಗಳೂ ಎಷ್ಟು ಸಮತಟ್ಟಾಗಿ ಬಂದವೆಂದರೆ, ಗಾರೆಯವರ ರಸಮಟ್ಟ ಇಟ್ಟಿದ್ದರೂ ಗುಳ್ಳೆ ಅಲುಗುತ್ತಿರಲಿಲ್ಲ. ಇನ್ನು ಉಳಿದದ್ದು ಕೇಕಿಗೆ ಹಚ್ಚುವ ಲೇಪ: ಗಟ್ಟಿ ಹಾಲು, ಸಕ್ಕರೆ, ಬೆಣ್ಣೆ, ಮೊಟ್ಟೆಯ ಹಳದಿ ಸಣ್ಣ ಉರಿಯಲ್ಲಿ ಹನ್ನೆರಡು ನಿಮಿಷ; ಇಳಿಸಿ ಕೊಬ್ಬರಿ ತುರಿ, ಪೆಕಾನ್ ಬೀಜ. ಒಲೆ ಹಚ್ಚಿದೆ. ಆಗಲೇ ಮೈಸೂರಿನಿಂದ ತಂಗಿ ಮಾನಸಿಯ ಫೋನು.

“ರೀ, ಹನ್ನೆರಡು ನಿಮಿಷ ಕೈಯಾಡಿಸ್ತಾ ಇರಿ. ಗಟ್ಟಿಯಾದ ತಕ್ಷಣ ಇಳಿಸಿ ಕೊಬ್ಬರಿ ಬೆರೆಸಿ. ಅಷ್ಟೇ.”

“ಕೈಯಾಡ್ಸೂದೂ ನನಗ ಬರೂದಿಲ್ಲೇನು? ನೀ ಮಾತಾಡ ಹೋಗ.”

ಮಾನಸಿಗೆ ನಾನೇನು ಹೇಳುತ್ತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅಡುಗೆಯಲ್ಲಿ ಸಮಯಪಾಲನೆಯ ಮಹತ್ವವನ್ನು ವಿವರಿಸುತ್ತಿದ್ದೆ. ನಡುವೆ ಮೂಗಿಗೆ ಏಲಕ್ಕಿಯ ವಾಸನೆ ಬಡಿಯಿತು. ನನ್ನ ಮೂರು ಪುಟಗಳಲ್ಲಿ ಎಲ್ಲೂ ಏಲಕ್ಕಿ ಇರಲಿಲ್ಲ.

ಫೋನ್ ಇಟ್ಟು ಓಡಿದೆ. ದಿವಾಕರ ತುಪ್ಪ ಸವರಿದ ತಟ್ಟೆಗೆ ನನ್ನ ಲೇಪವನ್ನು, ಅಂದರೆ ಒಂದು ಗಟ್ಟಿ ಮುದ್ದೆಯನ್ನು, ಸುರಿದು ಬಟ್ಟಲಿನ ತಳದಿಂದ ತಟ್ಟುತ್ತಿದ್ದರು.

“ಇದೇನ್ರೀ?”

“ಕೊಬ್ಬರಿ ವಡಿ. ತಳ ಬಿಡ್ತು, ಹಾಕಿದೆ.” (ನಮ್ಮ ಕಡೆ ಇದಕ್ಕೆ ಕೊಬ್ಬರಿ ಮಿಠಾಯಿ ಅನ್ನುತ್ತೇವೆ.)

“ಅದು ಕೇಕಿಗೆ ಹಚ್ಚೋದು.”

“ಹಾಲು, ಸಕ್ಕರಿ, ಕೊಬ್ಬರಿ ಒಲಿ ಮ್ಯಾಲಿಟ್ಟು ತಿರುವು ಅಂದ್ರ ಮತ್ತೇನಾಗ್ತದ? ನಿನ್ನ ಮಾತು ಮುಗೀಲಿಲ್ಲ, ಇದರ ಪಾಕ ಮುಗೀತು.”

ಗಂಟೆ ಎರಡೂಕಾಲು. ಮನೆಯಲ್ಲಿದ್ದ ಕೊಬ್ಬರಿಯೆಲ್ಲ ತಟ್ಟೆಯಲ್ಲಿತ್ತು. ಶನಿವಾರ ಮಧ್ಯಾಹ್ನ ಭಾರತೀಯ ಅಂಗಡಿಗಳಿರುವ ಓಕ್ ಟ್ರೀ ರೋಡಿಗೆ ಹೋಗಿ ಪಾರ್ಕಿಂಗ್ ಹುಡುಕುವಷ್ಟರಲ್ಲಿ ಮಿಸ್ ಲೊರೆಟಾ ಜಾರ್ಜಿಯಾ ತಲುಪಿರುತ್ತಾರೆ. ನಾನು ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಅಳು ಬರುವಂತಿತ್ತು. ದಿವಾಕರ ವಡಿಗಳನ್ನು ಡೈಮಂಡ್ ಆಕಾರಕ್ಕೆ ಕತ್ತರಿಸಿ, ಆರಿಸಿ, ಬಚ್ಚಲಿಗೆ ಟೈಲ್ಸ್ ಕೂರಿಸಿದ ಹಾಗೆ ಕೇಕಿನ ಮೇಲೆ ಒಂದೊಂದಾಗಿ ಜೋಡಿಸಿದರು. ಬಾಗಿಲ ಗಂಟೆ ಬಾರಿಸಿತು.

ಮಿಸ್ ಲೊರೆಟಾ ಕೇಕನ್ನು ತುಂಬ ಹೊತ್ತು ನೋಡಿದರು.

“ಸ್ವಲ್ಪ ಆಧುನಿಕ ಶೈಲಿ” ಎಂದೆ. (ವಿಜ್ಞಾನದವಳು ಹೇಳಬಾರದ ಮಾತು.)

ಅವರು ಫೋರ್ಕ್ ಬದಿಗಿಟ್ಟು ಒಂದು ವಡಿಯನ್ನು ಬೆರಳಲ್ಲೇ ಕಿತ್ತು ತಿಂದರು. ಇನ್ನೊಂದು. ಮೂರನೆಯದಕ್ಕೆ ಅವರ ಕಣ್ಣು ತೇವವಾಯಿತು.

“ನಮ್ಮಮ್ಮ ಅವಸರದವಳು. ಗಟ್ಟಿಯಾಗುವ ಮೊದಲೇ ಇಳಿಸಿಬಿಡೋಳು. ಲೇಪವೆಲ್ಲ ಸೋರಿ ತಟ್ಟೆಗೆ ಬರೋದು. ಪ್ರತಿ ವರ್ಷವೂ ‘ಮುಂದಿನ ಸಲ ಗಟ್ಟಿ ಮಾಡ್ತೀನಿ’ ಅನ್ನೋಳು” ಎಂದರು. ಇನ್ನೊಂದು ವಡಿ ಕಿತ್ತುಕೊಂಡು, “ಇದು ಆ ಮುಂದಿನ ಸಲದ್ದು” ಎಂದರು.

ಅವರು ಕೈಚೀಲದಿಂದ ಪೆನ್ನು, ಚೀಟಿ ತೆಗೆದು, “ಎಷ್ಟು ಹೊತ್ತು ಕಾಯಿಸಬೇಕು?” ಎಂದು ಕೇಳಿದರು.

“ಹನ್ನೆರಡು...” ಎಂದು ನಾನು ಬಾಯಿ ತೆರೆದೆ.

“ನಿನ್ನನ್ನಲ್ಲ, ಡಿಯರ್. ಅಂಗಿ ತುಂಬ ಕೊಬ್ಬರಿ ಮೆತ್ತಿಕೊಂಡಿರೋ ಇವರನ್ನ ಕೇಳ್ತಿದೀನಿ.”

“ನನ್ನ ಹೆಂಡತಿ ಫೋನ್ ಇಡುವವರೆಗೆ” ಎಂದರು ದಿವಾಕರ, ಇಂಗ್ಲಿಷಿನಲ್ಲಿ, ಬಹಳ ಗಂಭೀರವಾಗಿ.

ಮಿಸ್ ಲೊರೆಟಾ ಅದನ್ನು ಹಾಗೆಯೇ ಬರೆದುಕೊಂಡರು. ಆಮೇಲೆ ಕನ್ನಡಕ ಇಳಿಸಿ ನನ್ನತ್ತ ನೋಡಿ, “ನಿಮಿಷದಲ್ಲಿ ಹೇಳಿದರೆ?” ಎಂದರು.

ಬೇರೆ ದಾರಿ ಇರಲಿಲ್ಲ. ಫೋನ್ ತೆಗೆದು ನೋಡಿದೆ.

“ನಲವತ್ತೊಂದು ನಿಮಿಷ, ಹದಿನೇಳು ಸೆಕೆಂಡು.”