ಟಣ್ ಎನ್ನದ ಹನ್ನೆರಡು ಮಡಕೆಗಳು

ಮಣ್ಣು ನಮ್ಮೂರಿನದು, ನೀರು ನಮ್ಮ ಬಾವಿಯದು, ಕೈ ನನ್ನದೇ. ಹೀಗಿರುವಾಗ ಒಂದು ಮಡಕೆ ಮಾಡುವುದರಲ್ಲಿ ಅಂಥ ಬ್ರಹ್ಮವಿದ್ಯೆ ಏನಿದೆ ಎಂದು ನಾನು ನನ್ನ ಹೆಂಡತಿ ಶೋಭಾಳನ್ನು ಕೇಳಿದೆ. ಅವಳು ಬಸಳೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು.

"ಮಣ್ಣು, ನೀರು, ಕೈ ಎಲ್ಲ ಸರಿ. ತಲೆ ಯಾರದ್ದು?" ಎಂದಳು.

ಇಂಥ ಮಾತುಗಳಿಂದ ಕುಗ್ಗುವ ಜಾಯಮಾನ ನನ್ನದಲ್ಲ. ಕುಗ್ಗಿದ್ದರೆ ಒಳ್ಳೆಯದಿತ್ತು.

ಕಬಕದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಎಲ್ಲರ ಕಿಸೆಯಲ್ಲೂ ಕ್ಯಾಮರಾ ಬಂದ ಮೇಲೆ ಅಲ್ಲಿಗೆ ಬರುವವರು ಎರಡೇ ಜಾತಿ: ಪಾಸ್‌ಪೋರ್ಟ್ ಅಳತೆಯ ಫೋಟೋ ಬೇಕಾದವರು ಮತ್ತು ಬಸ್ಸು ತಪ್ಪಿ ನೆರಳು ಬೇಕಾದವರು. ಗಿರಿಜಕ್ಕ ಮೊದಲನೆಯ ಜಾತಿಯಾಗಿ ಬಂದರು. ಐವತ್ತು ವರ್ಷದಿಂದ ಮಡಕೆ ಮಾಡುವವರು, ನಮ್ಮ ಮನೆಯಲ್ಲಿ ಮೀನಿನ ಪದಾರ್ಥ, ಅಂದರೆ ಸಾರು, ಕುದಿಸುವ ಮಡಕೆಯೂ ಅವರದ್ದೇ. ಯಾವುದೋ ಅರ್ಜಿಗೆ ಫೋಟೋ ಬೇಕಿತ್ತು. "ಸ್ವಲ್ಪ ನಗಿ ಗಿರಿಜಕ್ಕ" ಎಂದೆ.

"ನಗುದು ಎಂತಕ್ಕೆ ಮಾರಾಯ? ಈ ಸಲ ಒಂದು ಆವಿಗೆ ಸುಡ್ತೇನೆ. ಆ ಮಡಕೆ ಮಾರಿ ಹೋದ್ರೆ ಇನ್ನೊಮ್ಮೆ. ಹೋಗದಿದ್ರೆ ಚಕ್ರ ಅಟ್ಟಕ್ಕೆ ಹಾಕುದು, ಸಾಕು."

ಆವಿಗೆ ಎಂದರೆ ಮಡಕೆ ಸುಡುವ ಗೂಡು. ಅದು ಆರಿದರೆ ಗಿರಿಜಕ್ಕನೂ ಆರಿದಂತೆಯೇ ಎಂದು ನನಗೆ ಅವರ ಮುಖದಲ್ಲೇ ಕಾಣಿಸಿತು. ಕ್ಯಾಮರಾದ ಹಿಂದೆ ನಿಂತವನಿಗೆ ಮುಖ ಓದಲು ಬರುತ್ತದೆ. ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ.

"ಗಿರಿಜಕ್ಕ, ಮಾರುವ ಜವಾಬ್ದಾರಿ ನನಗೆ ಬಿಡಿ. ಆನ್‌ಲೈನ್‌ನಲ್ಲಿ ಇಡೀ ಪ್ರಪಂಚಕ್ಕೆ ಮಾರುವಾ" ಎಂದು ಘೋಷಿಸಿಬಿಟ್ಟೆ!

"ಬಡಿದು ನೋಡದೆ ಮಡಕೆ ತೆಕ್ಕೊಳ್ಳುವ ಜನ ಪ್ರಪಂಚದಲ್ಲಿ ಉಂಟಾ?" ಎಂದು ಅವರು ಕೇಳಿದರು.

ಈ ಪ್ರಶ್ನೆಯನ್ನು ನಾನು ಅಲ್ಲೇ ಫ್ರೇಮು ಹಾಕಿಸಿ ಗೋಡೆಗೆ ಹೊಡೆದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ. ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಮಡಕೆ ನೋಡುವ ಶಾಸ್ತ್ರ ದೊಡ್ಡದು. ಮಡಕೆಯನ್ನು ಎಡಗೈಯಲ್ಲಿ ಎತ್ತಿ, ಬಲಗೈ ಬೆರಳಿನ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಬೇಕು. ಚೆನ್ನಾಗಿ ಬೆಂದದ್ದು 'ಟಣ್' ಎನ್ನುತ್ತದೆ. ಬಿರುಕು ಬಿಟ್ಟದ್ದು, ಅರೆಬೆಂದದ್ದು 'ದಬ್' ಎನ್ನುತ್ತದೆ. ಟಣ್ ಆದರೆ ಮನೆಗೆ, ದಬ್ ಆದರೆ ಅಲ್ಲಿಗೇ.

ಮಾರುವವನಿಗೆ ಸರಕಿನ ಜ್ಞಾನ ಇರಬೇಕಲ್ಲವೇ? ಈ ಘನ ಉದ್ದೇಶದಿಂದ ನಾನು ಗಿರಿಜಕ್ಕನ ಚಕ್ರದ ಮುಂದೆ ಕೂತೆ. ಮೊದಲ ದಿನ ಮಣ್ಣಿನ ಮುದ್ದೆ ಚಕ್ರದಿಂದ ಹಾರಿ ಗೋಡೆಯ ಕ್ಯಾಲೆಂಡರಿಗೆ ಅಂಟಿಕೊಂಡಿತು. ಎರಡನೆಯ ದಿನ ನನ್ನ ಕನ್ನಡಕಕ್ಕೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನನಗೆ ಕೈ, ಮೂಗು, ಕಿವಿ ಎಲ್ಲ ಕೆಸರಾಯಿತು, ಬಾಯಿಯೂ ಕೆಸರೇ ಆಯಿತು.

"ಮಣ್ಣಿನ ಹತ್ರ ಜಗಳ ಮಾಡ್ಬೇಡ. ಅದು ನಿನ್ನ ಮಾತು ಕೇಳುದಿಲ್ಲ. ನೀನು ಅದರ ಮಾತು ಕೇಳು" ಎಂದರು ಗಿರಿಜಕ್ಕ.

ಒಂದು ತಿಂಗಳಲ್ಲಿ ಹನ್ನೆರಡು ಅಗಲ ಬಾಯಿಯ ಮಡಕೆಗಳಾದವು. ಒಂದೊಂದೂ ಒಂದೊಂದು ದಿಕ್ಕಿಗೆ ಓರೆ! ಆದರೂ ಸತ್ಯ ಹೇಳುತ್ತೇನೆ, ಅವುಗಳನ್ನು ಸಾಲಾಗಿ ಇಟ್ಟು ನೋಡಿದಾಗ ನನಗೆ ಆದ ಸಂತೋಷ ಸಣ್ಣದಲ್ಲ. ಎಷ್ಟೋ ವರ್ಷ ಬೇರೆಯವರ ಮದುವೆ, ಬೇರೆಯವರ ಮಗು, ಬೇರೆಯವರ ನಗು ಎಂದು ಫೋಟೋ ತೆಗೆದವನು ನಾನು. ನಾನೇ ಮಾಡಿದ್ದು ಎಂದು ತೋರಿಸಲು ನನ್ನ ಬಳಿ ಒಂದು ವಸ್ತು ಇರಲಿಲ್ಲ. ಈಗ ಹನ್ನೆರಡಿದ್ದವು.

ಆವಿಗೆ ಹಾಕುವ ದಿನ ಗಿರಿಜಕ್ಕ, "ನಿನ್ನದು ಇನ್ನೂ ಒಣಗಲಿಲ್ಲ, ಮುಂದಿನ ಸಲಕ್ಕೆ ಇಡು" ಎಂದರು.

"ಮುಂದಿನ ಸಲ ಉಂಟೋ ಇಲ್ಲವೋ ಅಂತ ಹೇಳಿದ್ದು ನೀವೇ ಅಲ್ವಾ?" ಎಂದು ಹಠ ಹಿಡಿದೆ. ಹಸಿ ಮಡಕೆ ಒಡೆದು ಪಕ್ಕದ್ದನ್ನೂ ಕೆಡಿಸೀತು ಎಂದು ಅವರು ನನ್ನವಕ್ಕೆ ಬೆಂಕಿಯಿಂದ ದೂರ, ಅಂಚಿನಲ್ಲಿ ಜಾಗ ಕೊಟ್ಟರು. ಸುಟ್ಟು ತೆಗೆದಾಗ ಒಂದೂ ಒಡೆದಿರಲಿಲ್ಲ! ಗಿರಿಜಕ್ಕ ಒಂದನ್ನು ಎತ್ತಿ ಬಡಿದರು. 'ದಬ್' ಎಂದಿತು. "ಹೂಂ" ಎಂದು ಕೆಳಗಿಟ್ಟರು. ಆ 'ಹೂಂ' ಅನ್ನು ನಾನು ಪ್ರಶಸ್ತಿಪತ್ರವೆಂದು ಸ್ವೀಕರಿಸಿದೆ.

ಇನ್ನು ಅಂತರ್ಜಾಲ ಪರ್ವ. 'ಕೈಮಣ್ಣು' ಎಂದು ಒಂದು ಪುಟ ತೆರೆದೆ. ಗಿರಿಜಕ್ಕನ ಮಡಕೆಗಳನ್ನೂ ನನ್ನವನ್ನೂ ಸ್ಟುಡಿಯೋಕ್ಕೆ ಸಾಗಿಸಿ, ಮೊದಲು ಅವರ ಮಡಕೆಗಳ ಫೋಟೋ ಹಾಕಿದೆ. ಸುಳ್ಯದ ಒಬ್ಬರು ತಕ್ಷಣ ಕೇಳಿದರು, "ಇದು ಅಚ್ಚಿನಲ್ಲಿ ಮಾಡಿದ್ದಲ್ವಾ? ಕೈಯಲ್ಲಿ ಮಾಡಿದ್ದು ಇಷ್ಟು ಸರಿ ಬರ್ತದಾ?" ಐವತ್ತು ವರ್ಷದ ಕೈಗೆ ಸಿಕ್ಕಿದ ಮರ್ಯಾದೆ ಇದು! ನನಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಬುದ್ಧಿ ಬಂತು. ಕೈಕೆಲಸ ಎಂದರೆ ಸೊಟ್ಟಗಿರಬೇಕು ಎಂದು ಜನ ನಂಬಿದ್ದಾರಾದರೆ ಸೊಟ್ಟಗಿರುವುದು ನನ್ನಲ್ಲಿ ಬೇಕಾದಷ್ಟಿತ್ತು.

ಗಿರಿಜಕ್ಕನ ಮಡಕೆಗಳ ಫೋಟೋವನ್ನು ಪುಟದಿಂದ ಅಳಿಸಿ ನನ್ನ ಮಡಕೆಗಳದ್ದನ್ನು ಹಾಕಿದೆ. 'ಓರೆಯಾಗಿರುವುದು ದೋಷವಲ್ಲ, ಅಪ್ಪಟ ಕೈಕೆಲಸದ ಪುರಾವೆ' ಎಂದು ಬರೆದೆ. ಅರೆಬೆಂದು ಕಪ್ಪಾದ ಕಲೆಗಳಿಗೆ 'ಅಗ್ನಿಸ್ಪರ್ಶದಿಂದ ಮೂಡಿದ ನೈಸರ್ಗಿಕ ವರ್ಣವಿನ್ಯಾಸ' ಎಂದು ನಾಮಕರಣ ಮಾಡಿದೆ.

ಶೋಭಾ ಓದಿ, "ಇದು ಮಡಕೆಯಾ, ಮಠದ ಆಮಂತ್ರಣವಾ? ಅದಿರಲಿ, ಗಿರಿಜಕ್ಕನದ್ದು ಎಲ್ಲಿ?" ಎಂದಳು.

"ಮೊದಲು ಪುಟಕ್ಕೆ ಹೆಸರು ಬರಲಿ. ಮತ್ತೆ ಅವರದ್ದು ಹಾಕುವಾ."

"ನಿಮಗೆ ಹೆಸರು ಬರ್ಲಿ ಅಂತ ಹೇಳಿ ಮಾರಾಯ್ರೆ. ಅದನ್ನು ಪುಟದ ತಲೆಗೆ ಯಾಕೆ ಕಟ್ಟುದು?"

ನಾನು ಇನ್ನೊಂದು ಓರೆ ಮಡಕೆಯ ಫೋಟೋ ಹಾಕಿದೆ.

ಜನ ಮೆಚ್ಚಿದರು. ಆದರೆ ಕೊಳ್ಳುವ ಮಾತು ಬಂದಾಗ ಎಲ್ಲರದ್ದೂ ಒಂದೇ ರಾಗ: "ಒಮ್ಮೆ ಬಡಿದು ತೋರಿಸಿ." ಕಡಬದವರು ಬಡಿದು ತೋರಿಸಿ ಎಂದರು. ಇಚಿಲಂಪಾಡಿಯವರು ಮೂರು ಕಡೆ ಬಡಿದು ತೋರಿಸಿ ಎಂದರು. ವಿಡಿಯೋ ಮಾಡಿ ನೋಡಿದೆ. ದಬ್! ದಬ್! ಹಲಸಿನಹಣ್ಣಿಗೆ ಬಡಿದಂತೆ ಕೇಳಿಸಿತು.

ಇಲ್ಲಿ ನನ್ನ ವೃತ್ತಿಜೀವನದ ಪಾಂಡಿತ್ಯ ನೆರವಿಗೆ ಬಂತು. ಮದುವೆ ವಿಡಿಯೋದಲ್ಲಿ ಆಕಳಿಸುವ ಮದುಮಗನ ಹಿಂದೆ ಮಂಗಳವಾದ್ಯ ಹಾಕಿ ಜನರ ಕಣ್ಣಲ್ಲಿ ನೀರು ತರಿಸಿದವನು ನಾನು. ಒಂದು ಮಡಕೆಗೆ ಸ್ವರ ಹಾಕುವುದು ಎಷ್ಟರ ಕೆಲಸ! ಅಡುಗೆಮನೆಯಿಂದ ಗಿರಿಜಕ್ಕನ ಮಡಕೆ ತಂದು ಬಡಿದು, ಆ 'ಟಣ್' ಅನ್ನು ತೆಗೆದು ನನ್ನ ಮಡಕೆಯ ವಿಡಿಯೋಕ್ಕೆ ಅಂಟಿಸಿದೆ. ಬೆರಳು ತಾಗುವ ಕ್ಷಣಕ್ಕೂ ಸ್ವರಕ್ಕೂ ಕೂದಲೆಳೆಯ ವ್ಯತ್ಯಾಸ ಇರಲಿಲ್ಲ. ಕೆಲಸ ಎಂದರೆ ಕೆಲಸ!

ಒಂದೇ ವಾರದಲ್ಲಿ ಹನ್ನೆರಡೂ ಹೋದವು. ಇಡೀ ಪ್ರಪಂಚ ಎಂದಿದ್ದೆನಲ್ಲ, ಆ ಪ್ರಪಂಚ ಪುತ್ತೂರಿನಲ್ಲಿ ಶುರುವಾಗಿ ಒಂದು ಕಡೆ ಸುಳ್ಯದಲ್ಲಿ, ಇನ್ನೊಂದು ಕಡೆ ಕಡಬ ದಾಟಿ ನೆಲ್ಯಾಡಿಯಲ್ಲಿ ಮುಗಿಯಿತು. ಹಳೆಯ ಪೇಪರಿನಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಗೆ ಹಾಕಿ ಬಸ್ಸುಗಳಲ್ಲಿ ಕಳಿಸಿದೆ. ಒಂದು ಬಸ್ಸಿನ ಕಂಡಕ್ಟರು, "ಎಂತ ಉಂಟು ಇದರಲ್ಲಿ?" ಎಂದು ಕೇಳಿದರು. ಮಡಕೆ ಎಂದದ್ದೇ ತಡ, ಪೆಟ್ಟಿಗೆಯ ಬಾಯಿ ಸರಿಸಿ ಕೈ ಹಾಕಿ ಬಡಿದರು. ನನ್ನ ಮುಖ ನೋಡಿದರು. ಪೆಟ್ಟಿಗೆಯನ್ನು ಸೀಟಿನಡಿಗೆ ತಳ್ಳಿ ಸೀಟಿ ಊದಿದರು.

ಮರುದಿನದಿಂದ ಫೋನು. ಮೊದಲನೆಯದು ಕಡಬದಿಂದ.

"ಹಲೋ, ಮಡಕೆಯವರಾ? ವಿಡಿಯೋದಲ್ಲಿ ಟಣ್ ಟಣ್ ಅಂತದೆ, ಇಲ್ಲಿ ದಬ್ ದಬ್ ಅಂತದೆ. ಎಂತ ಮಾರಾಯ್ರೆ, ಶಬ್ದ ಬಸ್ಸಿನಲ್ಲೇ ಬಾಕಿ ಆಯ್ತಾ?"

ಆಮೇಲೆ ಸುಳ್ಯದವರು. ಅವರು ಬಡಿದು ನೋಡದೆ, ನನ್ನನ್ನು ನಂಬಿ, ನೇರ ಬಂಗುಡೆ ಪದಾರ್ಥಕ್ಕೇ ಇಟ್ಟಿದ್ದರು. "ಮಸಾಲೆ ಎಲ್ಲ ಅಡಿಯಿಂದ ಇಳಿದು ಒಲೆ ಆರಿಹೋಯ್ತು. ಮೀನು ಮಾತ್ರ ಉಳಿಯಿತು. ಅತ್ತೆ ಊಟಕ್ಕೆ ಬಂದಿದ್ರು" ಎಂದರು. ಬೈದಿದ್ದರೆ ತಡೆಯಬಹುದಿತ್ತು. ಅವರು ಬೇಸರದಲ್ಲಿ ಮೆಲ್ಲ ಹೇಳಿದರು.

ಮೂರನೆಯ ದಿನ ಶೋಭಾ ನನ್ನ ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು, "ಇದಕ್ಕೆ ಉತ್ತರ ಹೇಳುದು ಬಿಟ್ಟು ಮೊದಲು ಗಿರಿಜಕ್ಕನ ಹತ್ರ ಹೋಗಿ" ಎಂದಳು.

ಹೋದೆ. ಅಂಗಳದಲ್ಲಿ ಹೊಸ ಮಣ್ಣಿನ ರಾಶಿ ಬಿದ್ದಿತ್ತು. ಗಿರಿಜಕ್ಕ ಸೆರಗು ಸಿಕ್ಕಿಸಿ, ನೋವಿನ ಮಂಡಿಗೆ ಬಟ್ಟೆ ಕಟ್ಟಿಕೊಂಡು ಮಣ್ಣು ತುಳಿಯುತ್ತಿದ್ದರು. ನನ್ನನ್ನು ಕಂಡು ಬಾಯಿ ತುಂಬಾ ನಕ್ಕರು. ಫೋಟೋಕ್ಕೆ ಕೇಳಿದಾಗ ಬಾರದಿದ್ದ ನಗು ಅದು.

"ಬಾ ಬಾ. ಪಕ್ಕದ ಮನೆಯವಳು ನಿನ್ನ ವಿಡಿಯೋ ತೋರಿಸಿದಳು. ನನಗೆ ಕಣ್ಣು ಸರಿ ಕಾಣುದಿಲ್ಲ, ಆದ್ರೆ ಕಿವಿ ಉಂಟಲ್ಲ! ಕೇಳಿದ ಕೂಡ್ಲೆ ಹೇಳಿದೆ, ಇದು ನನ್ನ ಮಡಕೆ ಅಂತ. ನೆಲ್ಯಾಡಿಗೆ ಎಲ್ಲ ಹೋಯ್ತಂತೆ! ಹಾಗೆ ಮಣ್ಣು ತರಿಸಿದೆ. ಇನ್ನೊಂದು ಆವಿಗೆ ಆಗ್ಲಿ."

ಸುಳ್ಳು ಹೇಳಿ ಗಿರಾಕಿಗಳಿಗೆ ಮೋಸ ಮಾಡಿದ್ದೆ ಎಂಬುದು ಗೊತ್ತಿತ್ತು. ಆದರೆ ಈ ಹೆಂಗಸು ಆ ಸುಳ್ಳಿನ ಮೇಲೆ ಒಂದು ಲೋಡು ಮಣ್ಣು ಇಳಿಸಿಕೊಂಡಿದ್ದಾರೆ ಎಂದು ಗೊತ್ತಿರಲಿಲ್ಲ. ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದೆ.

ಗಿರಿಜಕ್ಕ ತುಳಿಯುವುದನ್ನು ನಿಲ್ಲಿಸಿದರು.

"ಹಾಗಾದ್ರೆ ನನ್ನದು ಒಂದೂ ಹೋಗ್ಲಿಲ್ವಾ?"

"ಇಲ್ಲ."

"ನನ್ನ ಮಡಕೆಯ ಸ್ವರ ತೆಗ್ದು ನಿನ್ನದಕ್ಕೆ ಇಟ್ಟೆಯಾ?"

ಹೌದು ಎಂದೆ. ಅವರು ಕಾಲು ತೊಳೆದು ಬಂದು ಜಗಲಿಯಲ್ಲಿ ಕೂತರು.

"ನಿನ್ನ ಮಡಕೆ ಕೆಟ್ಟದ್ದಲ್ಲ. ಬೇಯಲಿಲ್ಲ, ಅಷ್ಟೆ. ಬೇಯದ್ದನ್ನು ಬಡಿಸುದುಂಟಾ?" ಎಂದರು. "ನನ್ನದು ಹನ್ನೆರಡು ಕೊಂಡುಹೋಗು. ಬಸ್ಸಿಗೆ ಹಾಕ್ಬೇಡ, ನೀನೇ ಹೋಗು. ಅವರ ಕೈಯಲ್ಲಿ ಬಡಿಸಿ ನೋಡಿಸಿ ಕೊಡು, ನಿನ್ನದು ವಾಪಸ್ ತಾ. ಅವರು ತೆಕ್ಕೊಂಡ್ರೆ ಆವಿಗೆ ಹಾಕ್ತೇನೆ. ಬೇಡ ಅಂದ್ರೆ ಈ ಮಣ್ಣನ್ನು ಬಸಳೆ ಬುಡಕ್ಕೆ ಹಾಕುದು."

ಭಾವನ ಹಳೆಯ ಕಾರಿನಲ್ಲಿ ಹನ್ನೆರಡು ಮಡಕೆ ಹೇರಿಕೊಂಡು ಹೊರಟೆ. ಶೋಭಾ ಹಿಂದಿನ ಸೀಟಿನಲ್ಲಿ ಮಡಕೆಗಳ ನಡುವೆ ಕೂತಳು. ರಸ್ತೆಯ ಪ್ರತಿ ಹೊಂಡಕ್ಕೂ ನನಗೊಂದು, ರಸ್ತೆಗೊಂದು ಬೈಗುಳ. ಮನೆಮನೆಗೂ ಹೋಗಿ, "ನಾನು ಮೋಸ ಮಾಡಿದೆ, ತಪ್ಪಾಯ್ತು. ಇದು ನಿಜವಾದ ಮಡಕೆ, ಬಡಿದು ನೋಡಿ" ಎಂದೆ. ಹನ್ನೆರಡು ಸಲ ಹೇಳುವ ಹೊತ್ತಿಗೆ ಯಾರಿಗಾದರೂ ಅಭ್ಯಾಸ ಆಗಬೇಕು. ನನಗೆ ಆಗಲಿಲ್ಲ.

ಸುಳ್ಯದಲ್ಲಿ ಊಟಕ್ಕೆ ಬಂದಿದ್ದ ಆ ಅತ್ತೆಯೇ ಬಾಗಿಲು ತೆರೆದರು! ಬಡಿದರು. ಟಣ್! "ಇದು ಮೊದಲೇ ಕೊಡ್ಲಿಕ್ಕೆ ಎಂತ ಆಗಿತ್ತು ನಿಮಗೆ?" ಎಂದು ಗದರಿಸಿ ಒಳಗಿಟ್ಟರು. ಇಚಿಲಂಪಾಡಿಯವರು ಮೂರು ಕಡೆಯಲ್ಲ, ಸುತ್ತಲೂ ಏಳು ಕಡೆ ಬಡಿದು, "ಇನ್ನೊಂದು ಉಂಟಾ? ತಂಗಿಗೆ ಬೇಕು" ಎಂದರು. ನನಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

ಕೊನೆಯದು ನೆಲ್ಯಾಡಿ. ಅನ್ನಮ್ಮ ಎಂಬ ವಯಸ್ಸಾದ ಹೆಂಗಸು, ಅವರ ಹಿರಿಯರು ಕೇರಳದಿಂದ ಬಂದು ರಬ್ಬರು ನೆಟ್ಟವರು. ಗಿರಿಜಕ್ಕನ ಮಡಕೆ ಬಡಿದರು, ತಲೆಯಾಡಿಸಿದರು, ತೆಗೆದುಕೊಂಡರು. "ನನ್ನ ಹಳೆಯ ಮಡಕೆ ವಾಪಸ್ ಕೊಡಿ" ಎಂದೆ.

"ಅದು ಕೊಡ್ಲಿಕ್ಕೆ ಆಗುದಿಲ್ಲ."

"ಯಾಕೆ? ಅದು ಅಡುಗೆಗೆ ಆಗುವಂಥದ್ದಲ್ಲ."

"ಅಡುಗೆಗೆ ಯಾರು ಇಟ್ಟದ್ದು? ಬನ್ನಿ ಇಲ್ಲಿ" ಎಂದು ಹಿತ್ತಿಲಿಗೆ ಕರೆದುಕೊಂಡು ಹೋದರು.

ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ನನ್ನ ಮಡಕೆ ಇತ್ತು. ಓರೆಯಾಗಿ, ನೈಸರ್ಗಿಕ ವರ್ಣವಿನ್ಯಾಸ ಸಮೇತ. ಅದರೊಳಗೆ ಒಂದು ಕೆಂಪು ಕೋಳಿ ಕಾವಿಗೆ ಕೂತಿತ್ತು. ನಾನು ಬಗ್ಗಿದ ಕೂಡಲೇ ಗುರ್ರೆಂದು ಗರಿ ಕೆದರಿತು. ನಾನು ಮಾಡಿದ ಒಂದು ವಸ್ತುವನ್ನು ಬಿಟ್ಟುಕೊಡುವುದಿಲ್ಲ ಎಂದು ಜಗಳಕ್ಕೆ ನಿಂತ ಜೀವ ಈ ಭೂಮಿಯ ಮೇಲೆ ಅದೊಂದೇ.

ಶೋಭಾ ಮಡಕೆಗಳ ನಡುವಿನಿಂದ ಇಳಿದು ಬಂದು ನೋಡಿ, ಸೌದೆಯ ಮೇಲೆ ಕೂತು ನಕ್ಕಳು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಸಂಜೆ ಗಿರಿಜಕ್ಕನ ಅಂಗಳದಲ್ಲಿ ನನ್ನ ಮಡಕೆಗಳನ್ನು ಇಳಿಸಿದೆ. ಅವರದ್ದು ಒಂದೂ ಮರಳಿ ಬಂದಿರಲಿಲ್ಲ. ಅವರು ಕಾರಿನೊಳಗೆ ಬಗ್ಗಿ ಬಗ್ಗಿ ನೋಡಿದರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಧೂಳು ಬಿತ್ತು ಎಂದರು. ನನ್ನವನ್ನು ಎಣಿಸಿದರು.

"ಹನ್ನೊಂದೇ ಉಂಟಲ್ಲ. ಇನ್ನೊಂದು?"

ಹೇಳಿದೆ. ಗಿರಿಜಕ್ಕ ನಗಲಿಲ್ಲ. ಬಹಳ ಗಂಭೀರವಾಗಿ, ಗುರು ಶಿಷ್ಯನಿಗೆ ದೀಕ್ಷೆ ಕೊಡುವ ಹಾಗೆ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಒಳ್ಳೇದಾಯ್ತು ಮಾರಾಯ. ಇನ್ನು ಮನುಷ್ಯರಿಗೆ ನಾನು ಮಾಡ್ತೇನೆ, ಕೋಳಿಗೆ ನೀನು ಮಾಡು."