ನಲವತ್ತು ವ್ಯಾಟಿನ ಸ್ವಚ್ಛ ಸ್ವರ

ಯಳವಿಯ ಮಲ್ಲಿನಾಥನ ಕಷ್ಟವೆಲ್ಲ ಸುರುವಾದದ್ದು ಭರಮಣ್ಣನ ಒಂದು ಮಾತಿನಿಂದ. ಜತ್ತದಲ್ಲಿ ಆರ್ಕೆಸ್ಟ್ರಾ ನಡೆಸುವ ಭರಮಣ್ಣ, ಸಂಜೆ ಸೊರಡಿಯ ನಿಶ್ಚಿತಾರ್ಥದಲ್ಲಿ ಗಿಟಾರ್ ನುಡಿಸಿ ತೋರಿಸು, ಸ್ವರ ಸ್ವಚ್ಛ ಬಂದರೆ ಕೆಲಸ ಕಾಯಂ, ಒಡೆದರೆ ಮನೆಯ ದಾರಿ ಹಿಡಿ ಎಂದುಬಿಟ್ಟಿದ್ದ. ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸಿ ಆರಿಸಿ ಬೇಸತ್ತಿದ್ದ ಮಲ್ಲಿನಾಥನಿಗೆ ಇದೊಂದೇ ಬಿಡುಗಡೆಯ ಬಾಗಿಲು.

ಟ್ಯೂಬ್ ಆಂಪ್ಲಿಫೈಯರೇ ಆಗಬೇಕೆಂಬುದು ಅವನ ಹಟ. ಒಳಗಿನ ಗಾಜಿನ ಟ್ಯೂಬು ಕಾದ ಮೇಲೆ ಬರುವ ಮೆತ್ತನೆಯ ದನಿಗೆ ಅವನು ಮರುಳಾಗಿದ್ದ. ಬೆಳಿಗ್ಗೆಯೇ ಹೋಗಿ ಬಾಡಿಗೆ ಅಂಗಡಿಯಿಂದ ಹದಿನೈದು ವ್ಯಾಟಿನದನ್ನು ತಂದ. ಪಕ್ಕದ ಮನೆಯ ಶಿದ್ರಾಯ ಅದನ್ನು ನೋಡಿ, ತನ್ನ ಕೋಳಿಗೂಡಿನ ಬಲ್ಬೇ ಅರವತ್ತು ವ್ಯಾಟಿನದೆಂದು ಮರುಗಿದ. ಬಲ್ಬಿನ ಲೆಕ್ಕ ಬೇರೆ ಎನ್ನುತ್ತ ಮಲ್ಲಿನಾಥ ಗಿಟಾರ್ ಮೀಟಿ ದನಿಯ ಗುಂಡಿ ತಿರುವಿದ. ಅರ್ಧಕ್ಕೆ ಬರುವಷ್ಟರಲ್ಲಿ ಸ್ವರ, ಕಾದ ಎಣ್ಣೆಗೆ ಬಿದ್ದ ಸಂಡಿಗೆಯಂತೆ ಚರಚರ ಒಡೆಯಿತು.

“ನೂರರದ್ದು ತಾ ತಮ್ಮಾ. ಕಬ್ಬಿನ ಗಾಡಿಗಿ ಯಾರರೆ ಕತ್ತೆ ಕಟ್ಟತಾರೇನು?” ಎಂದ ಶಿದ್ರಾಯ.

ನೂರರದ್ದು ಬಂತು. ಸ್ವಚ್ಛವಾಗಿಯೇ ನುಡಿಯಿತು. ಆದರೆ ಮೊದಲ ಮೀಟಿಗೇ ಗೋಡೆಯ ಗೂಡಿನಲ್ಲಿದ್ದ ಚರಿಗೆಗಳು ಉರುಳಿದವು, ಎದುರುಮನೆಯ ಇಂದ್ರಾಬಾಯಿಯ ಎಮ್ಮೆ ಗೂಟ ಕಿತ್ತುಕೊಂಡು ಬೆಳುಂಕಿಯ ಕಡೆ ಓಡಿತು. ಸುಡುಬಿಸಿಲಲ್ಲಿ ಅದರ ಹಿಂದೆ ಓಡುವಾಗ, ತನ್ನ ಹಣೆಯಲ್ಲಿ ಬರೆದದ್ದು ಒಣದ್ರಾಕ್ಷಿಯೇ ಎಂದು ಮಲ್ಲಿನಾಥನಿಗೆ ಖಾತ್ರಿಯಾಯಿತು. ಹಿಡಿದು ತಂದರೆ, ಎಮ್ಮೆಯ ಗಾಬರಿ ಇಳಿಯುವವರೆಗೂ ಕೊರಳು ತುರಿಸಬೇಕೆಂದು ಇಂದ್ರಾಬಾಯಿ ಅವನನ್ನು ಅಲ್ಲೇ ನಿಲ್ಲಿಸಿದಳು.

ಕೊನೆಗೆ ಅಂಗಡಿಯವನ ಬೈಗುಳ ನುಂಗಿ, ನಲವತ್ತರದ್ದನ್ನು ಹೊತ್ತುಕೊಂಡು ಸೊರಡಿಗೆ ಮುಟ್ಟಿದ. ಹಂದರದ ಮೂಲೆಯಲ್ಲಿ ಕೂತು ಮೀಟಿದ. ಸ್ವರ ಒಡೆಯಲಿಲ್ಲ, ಒದರಲಿಲ್ಲ. ತಿಳಿನೀರಿಗೆ ಬಿದ್ದ ಹನಿಯಂತೆ ಒಂದೊಂದೂ ಬಿಡಿಬಿಡಿಯಾಗಿ ಕೇಳಿತು. ಉಣ್ಣುತ್ತಿದ್ದವರು ತುತ್ತು ತಡೆದು ಕಿವಿಗೊಟ್ಟರು. ಮಲ್ಲಿನಾಥನ ಕಣ್ಣು ತುಂಬಿ ಬಂತು.

ಮುಗಿದೊಡನೆ ಹೆಣ್ಣಿನ ತಂದೆ ಶಂಕರೆಪ್ಪ ಬಂದು, ಇಷ್ಟು ಚೊಕ್ಕ ಸಂಗೀತ ತಾನು ಕೇಳಿಯೇ ಇಲ್ಲವೆಂದು ಕೊಂಡಾಡಿದ. ಬಳಿಕ ಆಂಪ್ಲಿಫೈಯರಿನ ಹಿಂದೆ ಬಗ್ಗಿ ಹುಡುಕತೊಡಗಿದ.

“ಪೆನ್ ಡ್ರೈವ್ ಎಲ್ಲಿ ಹಚ್ಚೀರಿ? ನಮಗೂ ಒಂದು ಕಾಪಿ ಮಾಡಿ ಕೊಡ್ರಿ.”

ಮಲ್ಲಿನಾಥ ತಾನೇ ನುಡಿಸಿದ್ದೆಂದು ಹೇಳಿದ. ಶಂಕರೆಪ್ಪ ನಕ್ಕು, ಕೈ ಆಡಿಸಿದ ನಟನೆಯೂ ಚಲೋ ಇತ್ತೆಂದು ಬೆನ್ನು ತಟ್ಟಿ ಹೋದ. ಸತ್ಯ ಬಲ್ಲವನು ಇನ್ನೊಬ್ಬನೇ ಉಳಿದಿದ್ದ. ಮಲ್ಲಿನಾಥ ದೈನ್ಯದಿಂದ ಭರಮಣ್ಣನ ಮುಖ ನೋಡಿದ. ಭರಮಣ್ಣ ಫೋನನ್ನು ಕಿಸೆಗಿಳಿಸುತ್ತ ಪ್ರೀತಿಯಿಂದ ಹತ್ತಿರ ಬಂದ.

“ಭಾಳ ಸ್ವಚ್ಛ ಬಾರಿಸಿದಿ ತಮ್ಮಾ. ಎಲ್ಲಾ ಫೋನಿನಾಗ ತುಂಬಿಕೊಂಡೀನಿ. ಇನ್ನ ನೀ ಬರೂದು ಬ್ಯಾಡ, ಫೋನಿಗಿ ಹಚ್ಚಾಕ ಈ ಡಬ್ಬಿ ಅಷ್ಟ ಸಾಕು.”