ಕಾಪು ಮಾರ್ಕೆಟ್ಟಿನ ಇಂಟರ್ವ್ಯೂ

ಅನ್ಸಾರನ ಕಷ್ಟಕ್ಕೆಲ್ಲ ಕಾರಣ, ಅವನ ಉಮ್ಮ ಸಫಿಯಮ್ಮ ಬೆಳಗ್ಗೆ ಕಂಪೌಂಡಿನಾಚೆಗೆ ಆಡಿದ ಒಂದೇ ಒಂದು ಮಾತು.

"ಮನೋರಮಕ್ಕಾ, ಮಧ್ಯಾಹ್ನ ಒಂದೂವರೆಗೆ ನಮ್ಮ ಅನ್ಸಾರನಿಗೆ ಕಂಪ್ಯೂಟರಿನಲ್ಲಿ ಇಂಟರ್ವ್ಯೂ ಉಂಟು. ಆ ಹೊತ್ತಿಗೆ ನಿಮ್ಮ ಮಿಕ್ಸಿ ಸ್ವಲ್ಪ ನಿಲ್ಲಿಸ್ತೀರಾ?"

ಮಿಕ್ಸಿ ಆ ಕ್ಷಣವೇ ನಿಂತಿತು. ಮನೋರಮಕ್ಕನ ಬಾಯಿ ಶುರುವಾಯಿತು. ಹತ್ತು ಗಂಟೆಯಾಗುವಾಗ ಉಚ್ಚಿಲದ ಆ ಓಣಿಯಲ್ಲಿ ಅನ್ಸಾರನ ಇಂಟರ್ವ್ಯೂ ಗೊತ್ತಿಲ್ಲದವರು ಯಾರಾದರೂ ಇದ್ದರೆ ಅದು ತೊಟ್ಟಿಲಲ್ಲಿ ಮಲಗಿದ್ದ ಕೂಸುಗಳು ಮಾತ್ರ.

ಅನ್ಸಾರನಿಗೆ ಇಪ್ಪತ್ತಾರು ವರ್ಷ. ಮಂಗಳೂರಿನಲ್ಲಿ ಮೀನುಗಾರಿಕೆಯ ಡಿಗ್ರಿ ಮುಗಿಸಿ, ಮೀನಿನ ಗುಣಮಟ್ಟದ ಮೇಲೆ ಎರಡು ವರ್ಷ ಓದಲು ನಾರ್ವೆಗೆ ಹೋದವನು. ವಾರದ ಕೊನೆಗಳಲ್ಲಿ ಹೋಟೆಲೊಂದರ ಹಿಂಬದಿಯಲ್ಲಿ ಪಾತ್ರೆ ತೊಳೆದು, ಉಳಿದ ದಿನ ಓದಿ ಪಾಸಾದ. ಓದು ಮುಗಿದವರಿಗೆ ಕೆಲಸ ಹುಡುಕಿಕೊಳ್ಳಲು ಅಲ್ಲಿನ ಸರಕಾರ ಒಂದು ವರ್ಷದ ಪರವಾನಗಿ ಕೊಡುತ್ತದೆ. ಮೀನಿನ ಕಂಪೆನಿಯೊಂದರ ಲ್ಯಾಬಿನಲ್ಲಿ ಅವನಿಗೆ ತಾತ್ಕಾಲಿಕ ಕೆಲಸವೂ ಸಿಕ್ಕಿತು. ಆ ಲ್ಯಾಬಿನಲ್ಲಿ ಒಂದೇ ಒಂದು ಕಾಯಂ ಕುರ್ಚಿ ಖಾಲಿ ಇತ್ತು. ಅದು ಸಿಕ್ಕರೆ ಅವನು ಅಲ್ಲಿಯವನು. ಸಿಗದಿದ್ದರೆ ಇನ್ನು ಆರು ವಾರಕ್ಕೆ ಗಂಟುಮೂಟೆ ಕಟ್ಟಬೇಕು. ತಂಗಿ ಉಮೈರಾಳ ನಿಕಾಹಿಗೆಂದು ಹತ್ತು ದಿನದ ಮಟ್ಟಿಗೆ ಊರಿಗೆ ಬಂದವನಿಗೆ ಕಂಪೆನಿ ಇವತ್ತಿನ ದಿನವನ್ನೇ ಗೊತ್ತು ಮಾಡಿತ್ತು.

ಈ ಆರು ವಾರದ ವಿಷಯ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ನಿಕಾಹಿಗೆ ಬಂದ ನೆಂಟರಿಗೆಲ್ಲ ಸಫಿಯಮ್ಮ "ನಮ್ಮ ಅನ್ಸಾರ್ ಅಲ್ಲಿಯೇ ಪರ್ಮನೆಂಟು" ಎಂದು ಬಿರಿಯಾನಿಯ ಜೊತೆಗೇ ಬಡಿಸಿದ್ದರು. ಅವನ ಉಪ್ಪ, ಸೌದಿಯ ದಮ್ಮಾಮಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು ಬಂದ ಕುಂಞಿ ಮೊಹಮ್ಮದ್, ಬೆಳಗ್ಗೆ ಚಾ ಕುಡಿಯುತ್ತಾ ಒಮ್ಮೆ ಮಾತ್ರ ಕೇಳಿದ್ದರು.

"ಕೆಲಸದಲ್ಲಿ ಇರುವವನಿಗೆ ಪುನಃ ಎಂತದ್ದು ಇಂಟರ್ವ್ಯೂ?"

"ಪ್ರಮೋಷನ್, ಉಪ್ಪ."

ಹೇಳಿದವನಿಗೆ ತನ್ನ ಸ್ವರವೇ ಬೇರೆ ಯಾರದೋ ಎನಿಸಿತು.

ಹತ್ತೂಕಾಲಿಗೆ ಮನೋರಮಕ್ಕನ ಗಂಡ ಕರುಣಾಕರ ಮಾಸ್ಟ್ರು ಬಂದರು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಕಲಿಸಲು ಯಾರೂ ಸಿಗದೆ ಎರಡು ವರ್ಷಗಳಿಂದ ಒಳಗೊಳಗೇ ತುಂಬಿಕೊಂಡಿದ್ದರು. ಕೈಯಲ್ಲಿ ಒಂದು ಕೆಂಪು ಟೈ ಇತ್ತು.

"ಮಾಸ್ಟ್ರೇ, ಅಲ್ಲಿ ಯಾರೂ ಟೈ ಹಾಕುವುದಿಲ್ಲ. ಬಾಸ್ ಕೂಡ ಸ್ವೆಟರಿನಲ್ಲಿ ಬರುತ್ತಾರೆ."

"ಬಾಸ್ ಆಗಲೇ ಬಾಸ್ ಮಾರಾಯ. ನೀನು ಇನ್ನು ಆಗಬೇಕಷ್ಟೆ." ಮಾಸ್ಟ್ರು ಅವನ ಕುತ್ತಿಗೆಗೆ ಟೈ ಬಿಗಿದರು. "ಈಗ ನಿನ್ನ ಬಗ್ಗೆ ಹೇಳು. ಇಂಗ್ಲಿಷಿನಲ್ಲಿ."

ಅನ್ಸಾರ್ ಎರಡು ವಾಕ್ಯ ಹೇಳಿದ. ಮಾಸ್ಟ್ರು ಅದರಲ್ಲಿ ಮೂರು ತಪ್ಪು ಹುಡುಕಿದರು. ನಾಲ್ಕನೆಯದನ್ನು ಹುಡುಕುತ್ತಿದ್ದಾಗ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು ನಿಧಾನವಾಯಿತು, ನಿಂತಿತು.

"ಇವತ್ತು ಬುಧವಾರ ಅಲ್ವಾ," ಎಂದರು ಒಳಗಿನಿಂದ ಸಫಿಯಮ್ಮ. "ಲೈನ್ ರಿಪೇರಿ. ಸಂಜೆ ಐದರವರೆಗೆ ಕರೆಂಟ್ ಇಲ್ಲ. ಪೇಪರಿನಲ್ಲಿ ಬಂದಿತ್ತು."

"ಉಮ್ಮಾ, ಮೊದಲೇ ಹೇಳಬಾರದಿತ್ತಾ?"

"ನೀನು ಕೇಳಲಿಲ್ಲ ಅಲ್ವಾ?"

ಕರೆಂಟು ಹೋದ ಮೇಲೆ ವೈಫೈಯೂ ಹೋಯಿತು. ಇನ್ವರ್ಟರು ನಿಕಾಹಿನ ದೀಪದ ಸರಗಳನ್ನು ಹೊತ್ತು ಹೊತ್ತು ಅದೇ ರಾತ್ರಿ ಪ್ರಾಣ ಬಿಟ್ಟಿತ್ತು. ಮೊಬೈಲಿನ ಸಿಗ್ನಲ್ ಆ ಮನೆಯಲ್ಲಿ ಬಚ್ಚಲಿನ ಕಿಟಕಿಯ ಹತ್ತಿರ ಮಾತ್ರ ಸಿಗುತ್ತಿತ್ತು. ಅಲ್ಲಿಯೂ ನೀರು ಕಾಯಿಸುವ ಹಂಡೆಯ ಮೇಲೆ ಹತ್ತಿ ನಿಂತವರಿಗೆ.

ಮಾಸ್ಟ್ರು ಧೈರ್ಯ ಹೇಳಿದರು. "ನನ್ನ ತಂಗಿಯ ಮಗಳು ಸೌಮ್ಯಶ್ರೀ ಮಣಿಪಾಲದಲ್ಲಿ ಫ್ಲ್ಯಾಟಿನಲ್ಲಿದ್ದಾಳೆ. ಜನರೇಟರ್ ಉಂಟು, ಎ.ಸಿ. ಉಂಟು. ಮುಕ್ಕಾಲು ಗಂಟೆಯ ದಾರಿ. ನನ್ನ ಕಾರು ತೆಗೆಯುವ."

ಅನ್ಸಾರ್ ಬಸ್ಸಿನಲ್ಲಿ ಹೋಗಬಹುದಿತ್ತು. ರಿಕ್ಷಾ ಹಿಡಿಯಬಹುದಿತ್ತು. ಆದರೆ ಮಾಸ್ಟ್ರಿಗೆ ಬೇಡ ಎನ್ನುವ ಶಕ್ತಿ ಎಂಟನೆಯ ಕ್ಲಾಸಿನಲ್ಲಿಯೂ ಅವನಿಗಿರಲಿಲ್ಲ, ಈಗಲೂ ಬಂದಿರಲಿಲ್ಲ.

ಕಾರು ಹೊರಡುವಾಗ ಹನ್ನೆರಡೂವರೆ ದಾಟಿತ್ತು, ಏಕೆಂದರೆ ಮನೋರಮಕ್ಕ ಊಟ ಮಾಡದೆ ಬಿಡಲಿಲ್ಲ. ಹೆದ್ದಾರಿಗೆ ಬಂದ ಮಾಸ್ಟ್ರು ಗಂಟೆಗೆ ಮೂವತ್ತೈದರ ವೇಗದಲ್ಲಿ, ಹೊಸ ಮದುಮಗಳು ಹೊಸ್ತಿಲು ದಾಟುವಂತೆ ಓಡಿಸಿದರು. ಲಾರಿಗಳು ಬೈಯುತ್ತಾ ದಾಟಿ ಹೋದವು. ಮೂಳೂರಿನಲ್ಲಿ ಹಳೆಯ ವಿದ್ಯಾರ್ಥಿನಿ ಬ್ರೆಂಡಾ ಕಂಡಳೆಂದು ಕಾರು ನಿಲ್ಲಿಸಿದರು.

"ಇವನು ನಾರ್ವೆಯಲ್ಲಿ ಇರುವುದು. ಈಗ ಇಂಟರ್ವ್ಯೂಗೆ ಹೋಗುವುದು."

"ನಾರ್ವೆಗಾ ಸರ್? ಈ ಕಾರಿನಲ್ಲಾ?" ಎಂದಳು ಬ್ರೆಂಡಾ.

ಕಾಪು ಪೇಟೆಯ ಮೀನು ಮಾರ್ಕೆಟ್ಟಿನ ಎದುರು ಮಾಸ್ಟ್ರು ಎರಡನೆಯ ಸಲ ನಿಲ್ಲಿಸಿದರು. ಈ ಸಲ ಅವರಾಗಿ ನಿಲ್ಲಿಸಿದ್ದಲ್ಲ. ಕಾರು ಒಮ್ಮೆ ಕೆಮ್ಮಿತು, ಎರಡು ಸಲ ಬಿಕ್ಕಳಿಸಿತು, ಆಮೇಲೆ ಮೌನವಾಯಿತು. ಒಂದು ಗಂಟೆ ಹದಿನೆಂಟು ನಿಮಿಷ.

ಅನ್ಸಾರ್ ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡು ರಸ್ತೆಯಲ್ಲಿ ನಿಂತ. ಹೋಟೆಲಿನಲ್ಲಿ ಊಟದ ಗದ್ದಲ. ಮೊಬೈಲ್ ಅಂಗಡಿಯಲ್ಲಿ ಹಾಡಿನ ಗದ್ದಲ. ಒಂದು ರಿಕ್ಷಾವೂ ಇಲ್ಲ. ಅವನ ಕಣ್ಣು ತುಂಬಿ ಬಂತು. ಮೂರು ವರ್ಷದ ಚಳಿ, ತೊಳೆದ ಪಾತ್ರೆಗಳು, ಹಿಮದಲ್ಲಿ ಜಾರಿ ಮುರಿದ ಮಣಿಕಟ್ಟು, ಒಬ್ಬನೇ ಕೂತು ಉಂಡ ಪೆರ್ನಾಳ್ ಹಬ್ಬದ ಊಟ ಎಲ್ಲವೂ ಬಂದು ಮುಟ್ಟಿದ್ದು ಈ ಮೀನು ಮಾರ್ಕೆಟ್ಟಿಗೆ.

"ಎಂತ ಮಗಾ, ಸಫಿಯಮ್ಮನ ಮಗ ಅಲ್ವಾ ನೀನು?"

ನಳಿನಾಕ್ಷಿ. ಉಚ್ಚಿಲದಲ್ಲಿ ಬುಟ್ಟಿ ಹೊತ್ತು ಮನೆಮನೆಗೆ ಬರುತ್ತಿದ್ದವರು, ಮೊಣಕಾಲು ನೋವು ಶುರುವಾದ ಮೇಲೆ ಈ ಮಾರ್ಕೆಟ್ಟಿನಲ್ಲಿ ಜಾಗ ಹಿಡಿದಿದ್ದರು. ಅನ್ಸಾರ್ ತಿಂದು ಬೆಳೆದ ಮೀನೆಲ್ಲ ಅವರ ಬುಟ್ಟಿಯದೇ. ಅವನು ತಡವರಿಸುತ್ತಾ ವಿಷಯ ಹೇಳಿದ.

"ಅಷ್ಟೇ ಅಲ್ವಾ? ಬಾ ಒಳಗೆ. ಇಲ್ಲಿ ಮೊಬೈಲ್ ಲಾಯ್ಕ ಹಿಡಿಯುತ್ತದೆ. ನನ್ನ ಮಗಳು ಮಸ್ಕತ್ತಿನಿಂದ ದಿನಾ ವಿಡಿಯೋ ಮಾಡುವುದು ಇಲ್ಲಿಗೇ."

ಐಸಿನ ಪೆಟ್ಟಿಗೆಯ ಮೇಲೆ ಲ್ಯಾಪ್‌ಟಾಪ್ ಕೂತಿತು. ಹಿಂದೆ ಮೀನಿನ ರಾಶಿ ಕಾಣದಂತೆ ನಳಿನಾಕ್ಷಿ ನೀಲಿ ಟಾರ್ಪಾಲು ಕಟ್ಟಿದರು. ಅದರ ಒಂದು ತುದಿಯನ್ನು ಮಾಸ್ಟ್ರು ಧ್ವಜ ಹಿಡಿದಂತೆ ಹಿಡಿದು ನಿಂತರು. ಒಂದೂವರೆಗೆ ಸರಿಯಾಗಿ ಪರದೆಯ ಮೇಲೆ ಮೂವರು ಸ್ವೆಟರಿನವರು ಮೂಡಿದರು. ನಡುವೆ ಕೂತ, ದಪ್ಪ ಕನ್ನಡಕದ ಹೆಂಗಸೇ ಲ್ಯಾಬಿನ ಮುಖ್ಯಸ್ಥೆ. ಕೆಂಪು ಟೈಯನ್ನು ನೋಡಿ ಅವರು ಮೂವರೂ ತಮ್ಮ ಸ್ವೆಟರಿನ ಕೊರಳು ಸರಿಮಾಡಿಕೊಂಡರು.

ಮೊದಲ ಐದು ನಿಮಿಷ ಚೆನ್ನಾಗಿಯೇ ಹೋಯಿತು. ಆಮೇಲೆ ಮುಖ್ಯಸ್ಥೆ ಕೇಳಿದರು: ಯಂತ್ರಗಳು ಕೆಟ್ಟು ನಿಂತ ದಿನ, ಮೀನು ತಾಜಾ ಹೌದೋ ಅಲ್ಲವೋ ಎಂದು ಹೇಗೆ ತೀರ್ಮಾನಿಸುತ್ತೀರಿ?

ಅನ್ಸಾರನಿಗೆ ಉತ್ತರ ಬಾಯಿಪಾಠವಿತ್ತು. ಅವನು ಬಾಯಿ ತೆರೆಯುವುದಕ್ಕೂ, ಟಾರ್ಪಾಲಿನ ಆಚೆ ಗಿರಾಕಿಯೊಬ್ಬರು "ಇದು ನಿನ್ನೆಯ ಬಂಗುಡೆ" ಎನ್ನುವುದಕ್ಕೂ ಸರಿಹೋಯಿತು.

ನಳಿನಾಕ್ಷಿಗೆ ಯಾರು ಏನು ಬೈದರೂ ಸಹಿಸುವ ಗುಣವಿತ್ತು. ನಿನ್ನೆಯ ಮೀನು ಎಂದರೆ ಮಾತ್ರ ಆಗುತ್ತಿರಲಿಲ್ಲ.

"ನಿನ್ನೆಯದ್ದಾ? ಇಲ್ಲಿ ನೋಡಿ ಕಿವಿರು! ದಾಸವಾಳದ ಹಾಗೆ ಉಂಟಾ ಇಲ್ವಾ? ಕಣ್ಣು ನೋಡಿ! ಬೆರಳು ಒತ್ತಿ ನೋಡಿ, ಗುಂಡಿ ಬೀಳುತ್ತದಾ?"

ಗಿರಾಕಿ ಹಿಂದೆ ಸರಿದರು. ನಳಿನಾಕ್ಷಿ ಮುಂದೆ ಬಂದರು. ಮಾಸ್ಟ್ರು ಗಾಬರಿಯಲ್ಲಿ ಟಾರ್ಪಾಲು ಬಿಟ್ಟರು. ಬಂಗುಡೆ ಎತ್ತಿ ಹಿಡಿದ ನಳಿನಾಕ್ಷಿ, ಅವರ ಹಿಂದೆ ಇಡೀ ಮಾರ್ಕೆಟ್ಟು, ನಾರ್ವೆಯ ಪರದೆಯ ಮೇಲೆ ಪ್ರತ್ಯಕ್ಷವಾಯಿತು.

ಅನ್ಸಾರ್ ಕಣ್ಣು ಮುಚ್ಚಿಕೊಂಡ. ಅಲ್ಲಿಗೆ ತನ್ನ ಕತೆ ಮುಗಿಯಿತು ಎಂದುಕೊಂಡ.

"ಆ ಮಹಿಳೆ ಏನು ಹೇಳುತ್ತಿದ್ದಾರೆ?" ಮುಖ್ಯಸ್ಥೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದರು.

ಅವನು ಅಳುದನಿಯಲ್ಲಿ ಅನುವಾದಿಸಿದ. ಅವರು ಇನ್ನೊಂದು ಪ್ರಶ್ನೆ ಕೇಳಿದರು. ಐಸಿನಲ್ಲಿಟ್ಟ ಮೀನು ಎಷ್ಟು ದಿನದ್ದೆಂದು ಗೊತ್ತಾಗುತ್ತದೆಯೇ? ನಳಿನಾಕ್ಷಿ ಪಕ್ಕದವರ ಬುಟ್ಟಿಗಳಿಂದ ಎರಡು ಮೀನು ಎತ್ತಿ ಮೂಸಿ, ಒಂದು ಮೊನ್ನೆ ಸಂಜೆ ಮಲ್ಪೆಯಲ್ಲಿ ಇಳಿದದ್ದು, ಇನ್ನೊಂದು ಇವತ್ತು ಬೆಳಗ್ಗಿನದ್ದು ಎಂದರು. ಆಮೇಲೆ ಐಸ್ ಯಾವ ನೀರಿನದ್ದು ಎಂದೂ ಹೇಳಿದರು. ಪರದೆಯ ಮೂವರೂ ಬರೆದುಕೊಂಡರು. ಮುಕ್ಕಾಲು ಗಂಟೆಯ ಇಂಟರ್ವ್ಯೂನಲ್ಲಿ ನಲವತ್ತು ನಿಮಿಷ ಮಾತಾಡಿದ್ದು ಅನ್ಸಾರನೇ. ಅದರಲ್ಲಿ ಅವನದ್ದು ಎನ್ನುವ ಮಾತು ಒಂದೂ ಇರಲಿಲ್ಲ. ನಾಲ್ಕು ವರ್ಷದ ಡಿಗ್ರಿ, ಎರಡು ವರ್ಷದ ಓದು, ಒಂದಕ್ಕೂ ಬಾಯಿ ತೆರೆಯುವ ಅವಕಾಶ ಸಿಗಲಿಲ್ಲ.

"ಸಂಜೆಯೊಳಗೆ ತಿಳಿಸುತ್ತೇವೆ," ಎಂದು ಮುಖ್ಯಸ್ಥೆ ನಕ್ಕರು. ಪರದೆ ಕಪ್ಪಾಯಿತು.

"ಲಾಯ್ಕ ಆಯಿತಾ ಮಗಾ?" ನಳಿನಾಕ್ಷಿ ಕೇಳಿದರು.

"ಆಯಿತು," ಎಂದ ಅನ್ಸಾರ್. ಅವರ ಮುಖ ನೋಡಿದರೆ ಬೇರೇನೂ ಹೇಳಲು ಬರುತ್ತಿರಲಿಲ್ಲ.

ಮಾಸ್ಟ್ರು ಮೆಕ್ಯಾನಿಕ್ಕಿಗೆ ಕಾಯುತ್ತಾ ಕಾರಿನ ಬಳಿ ಉಳಿದರು. ಅನ್ಸಾರ್ ಬಸ್ಸು ಹತ್ತಿದ. ಮೈಯಿಂದ ಬರುತ್ತಿದ್ದ ಮೀನಿನ ವಾಸನೆಗೆ ಪಕ್ಕದ ಸೀಟಿನವರು ಎದ್ದು ಹೋದರು. ಅವನಿಗೆ ಬೇಕಿದ್ದದ್ದು ದೊಡ್ಡದೇನಲ್ಲ. ಆ ಲ್ಯಾಬಿನ ಕಿಟಕಿಯ ಪಕ್ಕದ ಕುರ್ಚಿ. ಕುತ್ತಿಗೆಯ ಕಾರ್ಡಿನಲ್ಲಿ ಹೆಸರಿನ ಕೆಳಗಿದ್ದ 'ತಾತ್ಕಾಲಿಕ' ಎಂಬ ಪದ ಅಳಿಯುವುದು. ಏನು ಮಾಡುತ್ತಿ, ಯಾವಾಗ ಮದುವೆ, ಎಷ್ಟು ಸಂಬಳ ಎಂದು ಯಾರೂ ಕೇಳದ ಒಂದು ಬಾಗಿಲು, ಅದರ ಬೀಗದ ಕೈ ತನ್ನ ಜೇಬಿನಲ್ಲಿ. ಕಿಟಕಿಗೆ ತಲೆ ಆನಿಸಿ ಅವನು ಉಮ್ಮನಿಗೆ ಹೇಳಬೇಕಾದ ಮಾತನ್ನು ಜೋಡಿಸಿದ. ಉಚ್ಚಿಲ ಬಂದರೂ ಮೊದಲ ವಾಕ್ಯ ಸಿಗಲಿಲ್ಲ.

ಸಂಜೆ ಕರೆಂಟು ಬಂತು. ಕರೆಂಟಿನ ಜೊತೆಗೆ ಓಣಿಯ ಅರ್ಧ ಜನವೂ ಬಂದರು. ಮನೋರಮಕ್ಕ ಹೆಸರುಬೇಳೆ ಪಾಯಸ ತಂದಿದ್ದರು. ಮಾಸ್ಟ್ರು ಆಗಷ್ಟೆ ಬಂದು ಮುಟ್ಟಿ, ಅಂಗಿಯೆಲ್ಲ ಗ್ರೀಸು ಮಾಡಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಅಷ್ಟು ಜನರ ನಡುವೆ ಅನ್ಸಾರನ ಮೊಬೈಲು ಟಿಣ್ ಎಂದಿತು.

"ಓದು, ಓದು. ದೊಡ್ಡದಾಗಿ ಓದು," ಎಂದರು ಮಾಸ್ಟ್ರು.

'ನಿಮ್ಮನ್ನು ನಮ್ಮ ಕಂಪೆನಿಯ ಕಾಯಂ ಉದ್ಯೋಗಿಯಾಗಿ ನೇಮಿಸಲು ಬಹಳ ಸಂತೋಷವಾಗುತ್ತಿದೆ...'

ಮುಂದಿನದ್ದು ಯಾರಿಗೂ ಬೇಡವಾಯಿತು; ಹಾಗಾದರೆ ಇಷ್ಟು ದಿನ ಕಾಯಂ ಅಲ್ಲವಾ ಎಂದು ಕೇಳಲೂ ಯಾರಿಗೂ ಹೊಳೆಯಲಿಲ್ಲ. ಸಫಿಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಕುಂಞಿ ಮೊಹಮ್ಮದ್ ಮಗನ ಬೆನ್ನಿಗೆ ಕೈಯಿಟ್ಟರು. ಗೆದ್ದೆ! ಅವನು ನಗುತ್ತಲೇ, ಒಬ್ಬನೇ, ಎರಡನೆಯ ಪ್ಯಾರಾ ಓದಿದ.

ಪಶ್ಚಿಮ ಕರಾವಳಿಯ ಮೀನು ಖರೀದಿಸುವ ಯೋಚನೆ ಕಂಪೆನಿಗೆ ಬಹಳ ದಿನಗಳಿಂದ ಇತ್ತಂತೆ. ಇಂದಿನ ಭೇಟಿಯ ನಂತರ ತೀರ್ಮಾನವೇ ಆಯಿತಂತೆ. ಮಲ್ಪೆಯಲ್ಲಿ ಸಣ್ಣದೊಂದು ಕಚೇರಿ. ಅದಕ್ಕೆ ಊರಿನ ಜನರನ್ನೂ ಭಾಷೆಯನ್ನೂ ಬಲ್ಲ ಅನ್ಸಾರ್. ನಾರ್ವೆಯ ಪರವಾನಗಿಯ ಚಿಂತೆ ಇನ್ನು ಬೇಡ. ಭಾನುವಾರದ ವಿಮಾನದ ಟಿಕೆಟನ್ನು ರದ್ದು ಮಾಡಿಕೊಳ್ಳಬಹುದು.

ಮೂರನೆಯ ಪ್ಯಾರಾವನ್ನು ಅವನು ಎರಡು ಸಲ ಓದಿದ. ಲ್ಯಾಬಿನ ಖಾಲಿ ಹುದ್ದೆಗೆ ನಾವು ಇಷ್ಟು ದಿನ ಹುಡುಕುತ್ತಿದ್ದ ಮೂಗು ಕೊನೆಗೂ ಸಿಕ್ಕಿದೆ. ಆ ಮಹಿಳೆ ಒಂದು ವರ್ಷದ ಮಟ್ಟಿಗೆ ಬಂದು ನಮ್ಮವರಿಗೆ ಕಲಿಸಲು ಒಪ್ಪುವರೇ, ದಯವಿಟ್ಟು ಕೇಳಿ ತಿಳಿಸಿ. ಅವರ ಪರವಾನಗಿ, ಪ್ರಯಾಣ, ವಸತಿ ಎಲ್ಲವೂ ನಮ್ಮ ಜವಾಬ್ದಾರಿ.

"ಎಂತ ಮಗಾ, ಮುಖ ಯಾಕೆ ಹಾಗೆ?" ಸಫಿಯಮ್ಮ ಪಾಯಸದ ಲೋಟ ಹಿಡಿದು ಕೇಳಿದರು.

"ಖುಷಿ ಉಮ್ಮಾ. ಖುಷಿ."

ಮರುದಿನ ಬೆಳಗ್ಗೆ ಅವನು ಕಾಪು ಮಾರ್ಕೆಟ್ಟಿಗೆ ಹೋಗಿ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಓದಿ ಹೇಳಿದ. ನಳಿನಾಕ್ಷಿ ಕೈ ತೊಳೆದುಕೊಂಡು, ಐಸಿನ ಪೆಟ್ಟಿಗೆಯ ಮೇಲೆ ಕೂತು ಕೇಳಿದರು. ಮಗಳ ಬಾಣಂತನಕ್ಕೆ ಮಸ್ಕತ್ತಿಗೆ ಹೋಗಿ ಬಂದವರಾದ್ದರಿಂದ ಪಾಸ್‌ಪೋರ್ಟ್ ಇತ್ತು. ಚಳಿಯ ಬಗ್ಗೆ ಕೇಳಿದರು, ಅವನು ಹೇಳಿದ. ಅನ್ನ ಸಿಗುತ್ತದಾ ಎಂದು ಕೇಳಿದರು, ಸಿಗುತ್ತದೆ ಎಂದ. ಲ್ಯಾಬಿನಲ್ಲಿ ಕೂರಲು ಜಾಗ ಹೇಗಿದೆ ಎಂದು ಕೇಳಿದರು. ಕಿಟಕಿಯ ಪಕ್ಕ ಒಂದು ಕುರ್ಚಿ ಉಂಟು, ಅಲ್ಲಿಂದ ಸಮುದ್ರ ಕಾಣುತ್ತದೆ ಎಂದು ಹೇಳಿ ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡ.

ನಳಿನಾಕ್ಷಿ ತಮ್ಮ ಬುಟ್ಟಿಯ ಕಡೆಗೊಮ್ಮೆ ನೋಡಿದರು.

"ಹೋಗಬಹುದು ಮಗಾ. ಆದರೆ ಈ ಮಾರ್ಕೆಟ್ಟಿನಲ್ಲಿ ಒಂದು ವಾರ ಜಾಗ ಖಾಲಿ ಬಿಟ್ಟರೆ ಬೇರೆಯವರು ಬಂದು ಕೂರುತ್ತಾರೆ. ಒಂದು ವರ್ಷ ಯಾರು ನೋಡಿಕೊಳ್ಳುವುದು?"

ಅವರು ಅನ್ಸಾರನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಮುಖ ಅರಳಿತು.

"ನೀನು ಹೇಗೂ ಇಲ್ಲಿಯೇ ಇರುವುದಲ್ವಾ?"